ದಿಣ್ಣೆ ಗೌಡರು

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ದಿಣ್ಣೆ ಗೌಡರ ಟ್ರ್ಯಾಕ್ಟರನ್ನು ಹುಡುಕುವುದು ಕಷ್ಟವಲ್ಲ. ಊರಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಯಾವುದೆಂದು ನೋಡಿಕೊಂಡರೆ ಸಾಕು. ಅಲ್ಲಿ ಮೂತಿ ಇಳಿಜಾರಿನ ಕಡೆಗೆ ಮಾಡಿ, ಗಾಲಿಗೆ ದಪ್ಪನೆಯ ಕಲ್ಲು ಕೊಟ್ಟು ನಿಲ್ಲಿಸಿರುವುದೇ ಅವರದು. ಗೌಡರ ಮನೆ ಅಲ್ಲಿಂದ ಎರಡು ಬೀದಿ ಆಚೆ. ಮನೆಯ ಪಕ್ಕದಲ್ಲಿ ಟ್ರ್ಯಾಕ್ಟರಿಗೆಂದೇ ಕಟ್ಟಿಸಿದ ಶೀಟಿನ ಶೆಡ್ಡೂ ಇದೆ. ಆದರೆ ಶೆಡ್ಡಿನ ನೆಲ ಮಟ್ಟಸವಾಗಿಬಿಟ್ಟಿದೆ. ಮಟ್ಟಸವಾದ ನೆಲವನ್ನು ನಂಬದ ಗೌಡರು ಅದರೊಳಗೆ ಹುಲ್ಲು ಒಟ್ಟಿ, ಮೇಕೆ ಕಟ್ಟಿದ್ದಾರೆ.

ಬೆಳಿಗ್ಗೆ ಅವರು ದಿಣ್ಣೆ ಹತ್ತಿ ಬರುವ ಗತ್ತು ನೋಡಬೇಕು. ಕಲ್ಲನ್ನು ಕಾಲಲ್ಲೇ ಒದ್ದು ಸರಿಸಿ, ಸೀಟಿಗೆ ಹಾರಿ, ಕ್ಲಚ್ ಒತ್ತಿ, ಮೂರನೇ ಗೇರಿಗೆ ಹಾಕಿ, ಗಾಡಿ ಉರುಳಲು ಶುರುವಾಗಿ ಇನ್ನೇನು ಡೇರಿಯ ಗೋಡೆ ಬಂತು ಅನ್ನುವಾಗ ಕ್ಲಚ್ ಬಿಡುತ್ತಾರೆ. ಒಂದು ಜಗ್ಗು, ಒಂದಿಷ್ಟು ಕರಿ ಹೊಗೆ, ಆಮೇಲೆ ಗುಡುಗುಡು. ಹಾಲು ಹಾಕಲು ನಿಂತಿದ್ದ ಹೆಂಗಸರು ಕ್ಯಾನು ಎತ್ತಿಕೊಂಡು ಪಕ್ಕಕ್ಕೆ ಸರಿಯುವುದು ಅಭ್ಯಾಸವಾಗಿಹೋಗಿದೆ. ಬ್ರೇಕು ಹಿಡಿಯದಿದ್ದರೆ ಏನು ಗತಿ ಎಂದು ಕೇಳಿದವರಿಗೆ, “ಹಿಡೀದೆ ಎಲ್ ಹೋಯ್ತದೆ ಬುಡು” ಎಂಬ ಉತ್ತರ ಸಿಕ್ಕಿದೆ.

ಗೌಡರ ಧೈರ್ಯದ ಹಿಂದೆ ಎಂಜಿನ್ ಶಾಸ್ತ್ರವೂ ಸ್ವಲ್ಪ ಇದೆ, ಇಲ್ಲವೆನ್ನುವಂತಿಲ್ಲ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಬೇಕಿಲ್ಲ. ಸಿಲಿಂಡರಿನ ಒಳಗಿನ ಗಾಳಿಯನ್ನು ಹದಿನಾರು ಹದಿನೆಂಟು ಪಟ್ಟು ಅದುಮಿದಾಗ ಹುಟ್ಟುವ ಕಾವಿಗೆ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಯಾರಾದರೂ ಒಂದು ಸಲ ಎಂಜಿನ್ ತಿರುಗಿಸಿಕೊಟ್ಟರೆ ಮುಂದೆ ಅದರ ಪಾಡಿಗೆ ಅದು. ತಿರುಗಿಸುವ ಕೆಲಸಕ್ಕೇ ಬ್ಯಾಟರಿ ಮತ್ತು ಸೆಲ್ಫ್ ಇರುವುದು. ಹ್ಯಾಂಡಲ್ ತಿರುಗಿಸಲು ಹೋಗಿ ಜನ ಕೈ ಮುರಿದುಕೊಳ್ಳುತ್ತಿದ್ದ ಕಾಲದಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕಾರಿಗೆ ಒಗ್ಗುವ ಸೆಲ್ಫ್ ಸ್ಟಾರ್ಟರ್ ಮಾಡಿದ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ನೂರು ವರ್ಷಕ್ಕೂ ಮಿಕ್ಕಿದ ಆ ಪ್ರಗತಿಯನ್ನು ಗೌಡರು ಒಂದು ದಿಣ್ಣೆಯಿಂದ ರದ್ದು ಮಾಡಿದ್ದಾರೆ.

ಮಟ್ಟಸ ಜಾಗಗಳಲ್ಲಿ ಅವರದು ಬೇರೆ ಉಪಾಯ. ಎಂಜಿನ್ ಆಫ್ ಮಾಡುವುದೇ ಇಲ್ಲ. ಹೋಟೆಲಿನ ಮುಂದೆ ಟ್ರ್ಯಾಕ್ಟರು ಗುಡುಗುಡು ಎನ್ನುತ್ತಲೇ ಇರುತ್ತದೆ. ಒಳಗೆ ಗೌಡರು ಟೀ ಕುಡಿದು, ಪೇಪರು ಓದಿ, ಕಬ್ಬಿನ ಬಾಕಿ ಹಣ ಯಾವಾಗ ಬರುತ್ತದೆಂಬ ಚರ್ಚೆ ಮುಗಿಸುತ್ತಾರೆ. ಹತ್ತು ರೂಪಾಯಿ ಟೀಗೆ ನಲವತ್ತು ರೂಪಾಯಿ ಡೀಸೆಲ್. ಹೀಗೆ ಉರಿದದ್ದನ್ನು ಯಾರಾದರೂ ಕೂಡಿ ಲೆಕ್ಕ ಹಾಕಿದ್ದರೆ ಹೊಸ ಬ್ಯಾಟರಿಯ ದುಡ್ಡು ಎಂದೋ ಹೊಗೆಯಾಗಿ ಹೋಗಿರುವುದು ಗೊತ್ತಾಗುತ್ತಿತ್ತು. ಗೌಡರೆದುರು ಹಾಗೆ ಕೂಡುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ.

ಹಾಗೆಂದು ಅವರನ್ನು ಜುಗ್ಗರ ಪಟ್ಟಿಗೆ ಸೇರಿಸುವುದು ಅನ್ಯಾಯ. ಟ್ರ್ಯಾಕ್ಟರಿನ ಮೇಲೆ ಅವರಿಗೆ ಪ್ರಾಣ. ಬಂಪರಿಗೆ ಬಣ್ಣದ ಕುಚ್ಚು, ಮಡ್‌ಗಾರ್ಡಿನ ಮೇಲೆ ಮಕ್ಕಳ ಹೆಸರು, ಸಾಲು ಸಾಲು ಎಲ್‌ಇಡಿ ದೀಪ, ಪಕ್ಕದ ಊರಿಗೂ ಕೇಳುವಂಥ ಸೌಂಡ್ ಬಾಕ್ಸು. ಈ ವೈಭವಕ್ಕೆಲ್ಲ ಕರೆಂಟು ಕೊಡುವುದು ಬಾನೆಟ್ಟಿನ ಕೆಳಗೆ ಸೈಕಲ್ ಟ್ಯೂಬಿನಲ್ಲಿ ಬಿಗಿಸಿಕೊಂಡು ಕೂತಿರುವ ಕರಿ ಡಬ್ಬಿ. ಗಾಡಿಯ ಜೊತೆಗೆ ಬಂದ ಕಬ್ಬಿಣದ ಕ್ಲಾಂಪು ಎಲ್ಲೋ ಬಿದ್ದುಹೋಗಿ ಬಹಳ ಕಾಲವಾಯಿತು. ಉಳುವಾಗ ಎತ್ತಿ ಹಾಕುವ ಆ ಕುಲುಕಾಟಕ್ಕೆ ಡಬ್ಬಿ ಅಲ್ಲಾಡಿದಷ್ಟೂ ಒಳಗಿನ ಸೀಸದ ಪ್ಲೇಟಿನ ಮೇಲಿನ ಲೇಪ ಉದುರಿ ತಳ ಸೇರುತ್ತದೆ. ತಳದಲ್ಲಿ ರಾಶಿ ಬೆಳೆದು ಪ್ಲೇಟಿಗೆ ತಾಗಿದರೆ ಆ ಸೆಲ್ ಮುಗಿದಂತೆ. ಕ್ಲಾಂಪಿನ ಬೆಲೆ ಸೌಂಡ್ ಬಾಕ್ಸಿನ ವೈರಿನಷ್ಟೂ ಇಲ್ಲ.

ಆಯುಧಪೂಜೆಯ ದಿನ ಟ್ರ್ಯಾಕ್ಟರಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನೇಗಿಲಿಗೂ ರೋಟವೇಟರಿಗೂ ಕುಂಕುಮ ಇಡುತ್ತಾರೆ. ಅಂದೂ ಬಾನೆಟ್ ತೆಗೆಯುವುದಿಲ್ಲ. ತೆಗೆದಿದ್ದರೆ ಬ್ಯಾಟರಿಯ ಎರಡು ಟರ್ಮಿನಲ್ಲಿಗೂ ಬಿಳಿ ಹಸಿರು ಪುಡಿ ಮೆತ್ತಿಕೊಂಡಿರುವುದು ಕಾಣುತ್ತಿತ್ತು. ಕಂಡರೂ ಗೌಡರು ಅದನ್ನು ವಿಭೂತಿ ಎಂದುಕೊಂಡು ಕೈ ಮುಗಿಯುವವರೇ.

ತಮಾಷೆಯೆಂದರೆ, ಬ್ಯಾಟರಿ ಸತ್ತಿತು ಎಂದು ಜನ ಗೋಳಾಡುವ ಎಷ್ಟೋ ಸಂದರ್ಭಗಳಲ್ಲಿ ಸತ್ತಿರುವುದು ಬ್ಯಾಟರಿಯಲ್ಲ, ಈ ಪುಡಿಯ ಕೆಳಗಿನ ಸಂಪರ್ಕ. ಸೆಲ್ಫ್ ತಿರುಗುವಾಗ ನೂರಾರು ಆಂಪಿಯರ್ ಕರೆಂಟು ಒಮ್ಮೆಗೇ ಹರಿಯಬೇಕು. ದಾರಿಯಲ್ಲಿ ಚೂರು ಅಡ್ಡಿಯಿದ್ದರೂ ‘ಟಕ್’ ಎಂದು ಸುಮ್ಮನಾಗುತ್ತದೆ. ಬಿಸಿನೀರಿಗೆ ಅಡಿಗೆ ಸೋಡಾ ಕಲಸಿ ಟರ್ಮಿನಲ್ ತೊಳೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದರೆ ಅರ್ಧ ಗಂಟೆಯ ಕೆಲಸ. ಅರ್ತ್ ವೈರು ಛಾಸಿಗೆ ಕೂಡುವ ಕಡೆ ಹಿಡಿದ ತುಕ್ಕನ್ನೂ ಕೆರೆಯಬೇಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇಲ್ಲದಿದ್ದರೆ ಪ್ಲಸ್ಸಿನ ನಟ್ಟು ತಿರುಗಿಸುತ್ತಿರುವ ಸ್ಪ್ಯಾನರು ಬಾಡಿಗೆ ತಗುಲಿ ಕಿಡಿ ಹಾರುತ್ತದೆ.

ಆ ಕಿಡಿಯೇ ಗೌಡರ ಮೀಟರು. ಬ್ಯಾಟರಿಯಲ್ಲಿ ಎಷ್ಟು ಜೀವವಿದೆ ಎಂದು ತಿಳಿಯಲು ಅವರು ಒಂದು ತುಂಡು ತಂತಿ ತಂದು ಪ್ಲಸ್ಸಿಗೂ ಮೈನಸ್ಸಿಗೂ ‘ಚಟ್’ ಎನಿಸುತ್ತಾರೆ. ಕಿಡಿ ನೀಲಿಯಾಗಿ ಬಂದರೆ, “ನೋಡ್ಲಾ, ಎಂಗೈತೆ! ಇನ್ನೂ ಎರಡೊರ್ಸ ಬತ್ತದೆ.” ಕೆಂಪಾಗಿ ಬಂದರೆ, “ಒಸಿ ನೀರು ಕೇಳ್ತಾ ಐತೆ.” ಪರೀಕ್ಷೆ ನಡೆಯುವಾಗ ಬಾಯಲ್ಲಿ ಬೀಡಿ ಉರಿಯುತ್ತಿರುತ್ತದೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ, ಕಿಡಿ ಸೋಕಿದರೆ ಡಬ್ಬಿ ಸಿಡಿದು ಮುಖಕ್ಕೆ ಆಸಿಡ್ ಎರಚುತ್ತದೆ ಎಂದು ಪಾಲಿಟೆಕ್ನಿಕ್ ಓದುತ್ತಿರುವ ಮಗ ಹೇಳಿ ನೋಡಿದ. ಗೌಡರು ಗೌರವದಿಂದ ಬೀಡಿಯನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ನೀರಿನ ವಿಷಯಕ್ಕೆ ಬಂದರೆ ಅವರು ಇನ್ನೂ ಉದಾರಿ. ಬೋರ್‌ವೆಲ್ ನೀರನ್ನು ಚೊಂಬಿನಲ್ಲಿ ತಂದು ಆರೂ ಸೆಲ್ಲಿಗೆ ತುಳುಕುವಷ್ಟು ಹೊಯ್ಯುತ್ತಾರೆ. “ನಾವ್ ಕುಡಿಯೋ ನೀರು, ಅದು ಕುಡೀಬಾರ್ದಾ?” ಡಿಸ್ಟಿಲ್ಡ್ ವಾಟರೇ ಹಾಕಬೇಕೆಂದು ಮಗ ಹಟ ಹಿಡಿದ ಮೇಲೆ ಒಂದು ಮೆಟ್ಟಿಲು ಮೇಲೇರಿ, ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಹಿಡಿದ ನೀರು ತಂದರು. ಆ ನೀರು ಬಾಯಿಗೆ ಶುದ್ಧ, ಬ್ಯಾಟರಿಗಲ್ಲ. ಅದರಲ್ಲೂ ಒಂದಿಷ್ಟು ಲವಣ ಉಳಿದಿರುತ್ತದೆ. ಬೋರ್ ನೀರಿನಲ್ಲಂತೂ ಕ್ಯಾಲ್ಸಿಯಂ, ಕ್ಲೋರೈಡು, ಕಬ್ಬಿಣ ಎಲ್ಲ ಸೇರಿಕೊಂಡು ಪ್ಲೇಟನ್ನು ಹಾಳು ಮಾಡುತ್ತವೆ. ಪ್ಲೇಟು ಮುಳುಗಿ ಮೇಲೆ ಒಂದು ಸೆಂಟಿಮೀಟರಿನಷ್ಟು ನಿಂತರೆ ಸಾಕು. ತುಳುಕಿಸಿದರೆ ಬಿಸಿಗೆ ಉಕ್ಕಿ, ಆಸಿಡ್ಡು ಹೊರಬಂದು ಟ್ರೇ ತಿನ್ನುತ್ತದೆ. ಇನ್ನು ಬ್ಯಾಟರಿ ಸೋತಾಗಲೆಲ್ಲ “ಒಸಿ ಆಸಿಡ್ ಬುಡ್ಸು” ಎನ್ನುವ ಸಲಹೆಗಾರರು ಪ್ರತಿ ಅರಳಿಕಟ್ಟೆಯಲ್ಲೂ ಇದ್ದಾರೆ. ಆರಿಹೋಗುವುದು ನೀರು ಮಾತ್ರ, ಆಸಿಡ್ ಒಳಗೇ ಇರುತ್ತದೆ. ಮೇಲೆ ಮತ್ತಷ್ಟು ಬಿಟ್ಟರೆ ಪ್ಲೇಟು ಬೇಗ ತೀರುತ್ತದೆ.

ಒಂದೇ ಒಂದು ನಿಯಮವನ್ನು ಮಾತ್ರ ಗೌಡರು ಚಾಚೂ ತಪ್ಪದೆ ಪಾಲಿಸುತ್ತಾರೆ: ಇಳಿಸಿದ ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಡಕೂಡದು, ಚಾರ್ಜು ನೆಲಕ್ಕೆ ಇಳಿದುಹೋಗುತ್ತದೆ. ಅದಕ್ಕೊಂದು ಮಣೆಯನ್ನೇ ಮೀಸಲಿಟ್ಟಿದ್ದಾರೆ. ಮರದ ಪೆಟ್ಟಿಗೆಗೆ ಡಾಂಬರು ಬಳಿದು ಬ್ಯಾಟರಿ ಮಾಡುತ್ತಿದ್ದ ಕಾಲದ ಮಾತು ಅದು. ಈಗಿನ ಪ್ಲಾಸ್ಟಿಕ್ ಡಬ್ಬಿಯನ್ನು ಎಲ್ಲಿಟ್ಟರೂ ಒಂದೇ. ಬೇಕಿಲ್ಲದ ನಿಯಮವೊಂದೇ ಹೀಗೆ ನಿಷ್ಠೆಯಿಂದ ಉಳಿದುಕೊಂಡಿದೆ.

ಅಸಲು ಹಾನಿ ಆಗುವುದು ಗಾಡಿ ಸುಮ್ಮನೆ ನಿಂತಾಗ. ಕಬ್ಬು ಸಾಗಿಸಿ ಮುಗಿದ ಮೇಲೆ ಟ್ರ್ಯಾಕ್ಟರು ಬಿಸಿಲಲ್ಲಿ ವಾರಗಟ್ಟಲೆ ಒಣಗುತ್ತದೆ. ಬ್ಯಾಟರಿ ತನ್ನಷ್ಟಕ್ಕೇ ಚಾರ್ಜ್ ಕಳೆದುಕೊಳ್ಳುತ್ತಿರುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜಿಗೆ ಹಾಕಿದರೂ ಪೂರಾ ಕರಗುವುದಿಲ್ಲ. ಮೈನಸ್ ವೈರ್ ಬಿಚ್ಚಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿದ್ದರೆ ತಪ್ಪುವ ಪೀಡೆ. ಆದರೆ ದಿಣ್ಣೆ ಇದೆಯಲ್ಲ! ಇಳಿದ ಬ್ಯಾಟರಿಯಲ್ಲೂ ಗಾಡಿ ಹೊರಡುವುದರಿಂದ ಗೌಡರು ಬ್ಯಾಟರಿಯ ಕಡೆ ನೋಡುವುದಿಲ್ಲ, ನೋಡದೆ ಇದ್ದುದರಿಂದ ದಿಣ್ಣೆಯಿಲ್ಲದೆ ಗಾಡಿ ಹೊರಡುವುದಿಲ್ಲ.

ಅವರ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ತಂಗಿಯ ಮನೆಯಲ್ಲಿ. ಐವತ್ತು ಎಚ್‌ಪಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್-4 ಎಂಬ ಹೊಗೆ ನಿಯಮ ಜಾರಿಗೆ ಬಂದ ಮೇಲೆ ಅವುಗಳಲ್ಲಿ ಡೀಸೆಲ್ ಚಿಮ್ಮಿಸುವ ಲೆಕ್ಕವನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆ ನೋಡಿಕೊಳ್ಳುತ್ತದೆ. ತಂಗಿಯ ಮಗ ಕೊಂಡದ್ದು ಅಂಥದ್ದೇ ಗಾಡಿ. ಒಂದು ದಿನ ರಾತ್ರಿಯೆಲ್ಲ ಹಾಡು ಹಾಕಿ ಬ್ಯಾಟರಿ ಪೂರಾ ಇಳಿಸಿಬಿಟ್ಟಿದ್ದ. ಗೌಡರು ಪಂಚೆ ಎತ್ತಿ ಕಟ್ಟಿ ಊರ ಹುಡುಗರನ್ನೆಲ್ಲ ಕೂಗಿದರು. “ನೂಕ್ರಲಾ! ಮೂರ್ನೇ ಗೇರಿಗ್ ಹಾಕ್ಲಾ! ಬುಡೋ ಈಗ!” ಗಾಲಿ ತಿರುಗಿತು, ಎಂಜಿನ್ನೂ ತಿರುಗಿತು, ಹೊಗೆ ಮಾತ್ರ ಬರಲಿಲ್ಲ. ಕರೆಂಟಿಲ್ಲದೆ ಆ ಪೆಟ್ಟಿಗೆ ಕಣ್ಣೇ ಬಿಡಲಿಲ್ಲ, ಡೀಸೆಲ್ ಬಿಡಲಿಲ್ಲ. ಹುಡುಗರು ಬೆವರು ಒರೆಸಿಕೊಂಡು ಕೂತರು. ಗೌಡರು ಗಾಡಿಯನ್ನು ಒಂದು ಸುತ್ತು ಹಾಕಿ ತೀರ್ಪು ಕೊಟ್ಟರು: “ಇದು ಟ್ಯಾಕ್ಟರಲ್ಲ ಕನಾ, ಮೊಬೈಲು.”

ಎರಡನೇ ಪೆಟ್ಟು ಕೊಟ್ಟದ್ದು ಪಂಚಾಯಿತಿ. ಕಾಂಕ್ರೀಟ್ ರಸ್ತೆ ಮಾಡಲು ಬಂದ ಜೆಸಿಬಿ ಒಂದೇ ಬೆಳಿಗ್ಗೆ ದಿಣ್ಣೆಯನ್ನು ಸವರಿ ಮಟ್ಟ ಮಾಡಿ ಹೋಯಿತು. ಗೌಡರು ಮೆಂಬರ ಮನೆಗೆ ಹೋಗಿ, ಹಿರೀಕರ ಕಾಲದ ದಿಣ್ಣೆ ತೆಗೆಯಲು ಯಾರಪ್ಪಣೆ ಪಡೆದಿರಿ ಎಂದು ಗಲಾಟೆ ಮಾಡಿದರು. ಮೆಂಬರು ಕಾಫಿ ಕೊಟ್ಟು ಕಳಿಸಿದರು.

ಕೊನೆಗೆ ಬ್ಯಾಟರಿಯನ್ನು ಗೊಬ್ಬರದ ಚೀಲದಲ್ಲಿ ಸುತ್ತಿ, ಮಗನ ಬೈಕಿನಲ್ಲಿಟ್ಟುಕೊಂಡು ತಾಲ್ಲೂಕು ಕೇಂದ್ರದ ಬ್ಯಾಟರಿ ಅಂಗಡಿಗೆ ಬಂದರು. ಅಂಗಡಿಯ ಭಾಯ್ ಇಂಥ ಎಷ್ಟೋ ಗೌಡರನ್ನು ಕಂಡವರು. ಮಾತಾಡದೆ ರಾತ್ರಿಯೆಲ್ಲ ಚಾರ್ಜಿಗೆ ಹಾಕಿ, ಮಾರನೆಯ ದಿನ ತಣ್ಣಗಾದ ಮೇಲೆ ಮೀಟರಿಟ್ಟರು. ಸುಮ್ಮನಿರುವಾಗ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜು, 12.2ಕ್ಕೆ ಬಂದರೆ ಅರ್ಧ. ಇದು 12.1ರ ಹತ್ತಿರ ನಿಂತಿತ್ತು. ಆಮೇಲೆ ಹೈಡ್ರೋಮೀಟರಿನ ರಬ್ಬರ್ ಬುರುಡೆ ಒತ್ತಿ ಒಂದೊಂದೇ ಸೆಲ್ಲಿನಿಂದ ಆಸಿಡ್ ಎಳೆದು, ತೇಲುವ ಕಡ್ಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದರು. ಐದು ಸೆಲ್ಲಿನಲ್ಲಿ ಗ್ರಾವಿಟಿ 1230, 1240. ಆರನೆಯದರಲ್ಲಿ 1140, ದ್ರವವೂ ಕಂದು ಬಣ್ಣಕ್ಕೆ ತಿರುಗಿತ್ತು. ಒಂದಕ್ಕೂ ಇನ್ನೊಂದಕ್ಕೂ ಐವತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಸೆಲ್ಲಿನ ಆಸೆ ಬಿಡಬೇಕು. ಲೋಡ್ ಟೆಸ್ಟರ್ ಹಚ್ಚಿದಾಗ ಮುಳ್ಳು ಒಂಬತ್ತೂವರೆಗಿಂತ ಎಷ್ಟೋ ಕೆಳಗೆ ಬಿತ್ತು.

“ಒಂದೇ ಸೆಲ್ ತಾನೆ ಹೋಗಿರೋದು? ಅದೊಂದ್ನೇ ಹಾಕ್ಕೊಡು ಭಾಯ್.”

“ಆ ಕಾಲ ಹೋಯ್ತು ಗೌಡ್ರೇ. ಕರಿ ರಬ್ಬರ್ ಡಬ್ಬಿ ಇದ್ದಾಗ ಡಾಂಬರ್ ಕಾಯಿಸಿ ಬಿಚ್ಚಿ ಹಾಕ್ತಿದ್ವಿ. ಈಗ ಮುಚ್ಚಳ ಬೆಸೆದೇ ಬರೋದು.”

ಹೊಸದನ್ನು ಕೊಡುವ ಮೊದಲು ಭಾಯ್ ಬೈಕಿನಲ್ಲಿ ಊರಿಗೇ ಬಂದು ಟ್ರ್ಯಾಕ್ಟರನ್ನು ತಾವು ತಂದ ಬ್ಯಾಟರಿಯಿಂದ ಸ್ಟಾರ್ಟ್ ಮಾಡಿಸಿ ಟರ್ಮಿನಲ್ಲಿಗೆ ಮೀಟರ್ ಹಿಡಿದರು. ಎಂಜಿನ್ ಓಡುವಾಗ 13.8ರಿಂದ 14.4ರ ಒಳಗೆ ಇರಬೇಕು. ಇತ್ತು. ಫ್ಯಾನ್ ಬೆಲ್ಟ್ ಸಡಿಲವಾಗಿದ್ದರೆ, ಡೈನಮೋ ಕೈಕೊಟ್ಟಿದ್ದರೆ ಹೊಸ ಬ್ಯಾಟರಿಯೂ ಹಳೆಯದರ ದಾರಿ ಹಿಡಿಯುತ್ತದೆ. ಗೌಡರ ಭಾವಮೈದುನ ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಕೊಂಡು, ಆಮೇಲೆ ಬೆಲ್ಟ್ ಬಿಗಿ ಮಾಡಿಸಿದ ಕಥೆ ಆ ಸೀಮೆಗೆಲ್ಲ ಗೊತ್ತು.

ಉಳಿದದ್ದು ಹಳೆಯದರ ಬೆಲೆ. ಹಳೆ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಕರಗಿಸಿದರೆ ಮತ್ತೆ ಹೊಸ ಪ್ಲೇಟಾಗುತ್ತದೆ. ಹಳೆಯದನ್ನು ಗುಜರಿ ಗಾಡಿಗೆ ಹಾಕದೆ ಸರಿಯಾದ ಕಡೆ ಸೇರಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಹೇಳುತ್ತವೆ. ಭಾಯ್ ಒಂದು ಮೊತ್ತ ಹೇಳಿದರು. ಗೌಡರಿಗೆ ಅದು ಅವಮಾನ ಅನ್ನಿಸಿತು.

“ಇನ್ನೂ ಜೀವ ಐತೆ ಕಣಯ್ಯ ಇದ್ರಲ್ಲಿ. ಗುಜರಿ ರೇಟ್ ಹಾಕ್ತೀಯಲ್ಲ?”

“ಜೀವ ಇದ್ರೆ ಹೊಸದು ಯಾಕೆ ಬೇಕು ಗೌಡ್ರೇ?”

ಗೌಡರು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ. ಹೆಚ್ಚಿಗೆ ಇನ್ನೂರು ಕಳೆಸಿ, ಮೇಲೊಂದು ಕ್ಯಾನ್ ಡಿಸ್ಟಿಲ್ಡ್ ವಾಟರನ್ನೂ ಬಿಟ್ಟಿಯಾಗಿ ಗಿಟ್ಟಿಸಿಕೊಂಡರು. ಭಾಯ್ ಹೊಸ ಬ್ಯಾಟರಿಯ ಮೇಲೆ ಒತ್ತಿದ್ದ ನಂಬರನ್ನು ವಾರಂಟಿ ಕಾರ್ಡಿಗೆ ಇಳಿಸಿಕೊಂಡು, ಕೊಂಡ ದಿನಾಂಕದ ಜಾಗಕ್ಕೆ ಪೆನ್ನು ತಂದಾಗ ಗೌಡರು ಥಟ್ಟನೆ ಕೈ ಅಡ್ಡ ಹಿಡಿದರು.

“ತಾರೀಕು ಖಾಲಿ ಬುಡು ಭಾಯ್. ಕೆಟ್ಟಾಗ ನಾನೇ ಬರ್ಕೊತೀನಿ.”