ಲವ್‌ಬರ್ಡ್ಸ್ ಕಾಕಾ

ಧಾರವಾಡದ ಸಪ್ತಾಪುರ, ಮಾಳಮಡ್ಡಿ, ಕಲ್ಯಾಣನಗರ, ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರ, ಯಾವ ಕಡೆ ಹೋದರೂ ಓಣಿಗೊಬ್ಬ ಲವ್‌ಬರ್ಡ್ಸ್ ಕಾಕಾ ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ರೈಲ್ವೆಯಲ್ಲೋ ಜೀವಮಾನವಿಡೀ ದುಡಿದು ನಿವೃತ್ತರಾದವರು. ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ. ಹೇಳಿದ ಮಾತು ಕೇಳುವ ಸಿಬ್ಬಂದಿ ಈಗ ಕೈಕೆಳಗಿಲ್ಲ. ಕಾಕು ಅಂತೂ ಮದುವೆಯಾದಾಗಿನಿಂದ ಆ ಸಿಬ್ಬಂದಿಗೆ ಸೇರಿದವರೇ ಅಲ್ಲ. ಇಂಥ ಹೊತ್ತಿನಲ್ಲಿ ಮೊಮ್ಮಗಳ ಹಟಕ್ಕೆಂದು ಮನೆಗೆ ಎರಡು ಜೋಡಿ ಹಕ್ಕಿ ಬರುತ್ತವೆ. ಬೇಸಿಗೆ ರಜೆ ಮುಗಿದು ಮೊಮ್ಮಗಳು ಪುಣೆಗೆ ಹೋಗುತ್ತಾಳೆ. ಪಂಜರ ಕಾಕಾರ ಹೊಸ ಶಾಖೆಯಾಗುತ್ತದೆ.

ನೀವು ಒಳಗೆ ಕಾಲಿಟ್ಟು, "ಎಷ್ಟ್ ಚಂದ ಅದಾವ್ರಿ! ನಮ್ಮ ಬಾಜೂ ಮನಿಯವರೂ ಲವ್‌ಬರ್ಡ್ಸ್ ಸಾಕ್ಯಾರ" ಎಂದಿರೋ, ಮುಗಿಯಿತು.

"ಅವು ಲವ್‌ಬರ್ಡ್ಸ್ ಅಲ್ರೀ, ಬಜರಿಗಾರ. ಆಸ್ಟ್ರೇಲಿಯಾದ್ದು. 1840ರಾಗ ಜಾನ್ ಗೌಲ್ಡ್ ಅನ್ನಾಂವ ಇಂಗ್ಲೆಂಡಿಗೆ ಒಯ್ದಾ, ಅಲ್ಲಿಂದ ಜಗತ್ತೆಲ್ಲಾ ಆತು. ನಮ್ಮ ಕಡೆ ಅಂಗಡಿಯವ್ರು ಅದನ್ನ ಲವ್‌ಬರ್ಡ್ಸ್ ಅಂತ ಮಾರ್ತಾರ, ನೀವು ತೊಗೋತೀರಿ. ಅಸಲಿ ಲವ್‌ಬರ್ಡ್ಸ್ ಇವು. ಒಂಬತ್ತು ಜಾತಿ, ಎಲ್ಲಾ ಆಫ್ರಿಕಾ, ಮಡಗಾಸ್ಕರದ್ದು. ಇವುಗಳ ಮೂಲ ನಮೀಬಿಯಾದ ಕಡೆ. ಆ ದೇಶದ ಉತ್ತರ ಭಾಗದಾಗ ಮಂದಿ ಏನ್ ಉಣ್ತಾರ ಹೇಳ್ರಿ ನೋಡೋಣ?"

ನಿಮಗೆ ಗೊತ್ತಿರುವುದಿಲ್ಲ. ಗೊತ್ತಿರಬಾರದೆಂದೇ ಕಾಕಾ ಕೇಳಿರುತ್ತಾರೆ.

"ಸಜ್ಜಿ! ನಮ್ಮ ವಿಜಾಪುರದವ್ರ ಹಂಗ! ಅಂದ ಮ್ಯಾಲೆ ಇವು ನಮಗ ಬೀಗರ ಆದ್ವು ಇಲ್ಲೋ?"

ಬೀಗರೆಂದ ಮೇಲೆ ಉಪಚಾರವೂ ಹಾಗೇ ಇರಬೇಕಲ್ಲ. ಅಂಗಡಿಯಿಂದ ತಂದ ಕಾಳಿನ ಚೀಲವನ್ನು ಕಾಕಾ ಹಳೆಯ ಪೇಪರಿನ ಮೇಲೆ ಸುರುವಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಸೂರ್ಯಕಾಂತಿ ಬೀಜಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಾರೆ. ಕಾಕುವಿಗೆ ಒಂದು ದಿನವೂ ಅಕ್ಕಿ ಹಸನ ಮಾಡಿಕೊಟ್ಟ ಕೈಯಲ್ಲ ಅದು. "ಈ ಬೀಜದ ತಿರುಳಿನ್ಯಾಗ ಅರ್ಧಕ್ಕರ್ಧ ಎಣ್ಣಿ. ನವಣ್ಯಾಗ ನೂರಕ್ಕ ನಾಕು. ಐವತ್ತು ಗ್ರಾಂ ತೂಗೂ ಜೀವಕ್ಕ ದಿನಾ ಎಣ್ಣಿ ತಿನ್ನಿಸಿದ್ರ ಲಿವರ್ ಉಳೀತದೇನ್ರಿ?" ಮಾತು ನೂರಕ್ಕೆ ನೂರು ಖರೆ. ಪಂಜರದೊಳಗಿನ ಹಕ್ಕಿಗೆ ಹಾರಾಟವಿಲ್ಲ, ತಿಂದ ಕೊಬ್ಬು ಕರಗುವ ದಾರಿ ಇಲ್ಲ. ಇದನ್ನು ಹೇಳುತ್ತಿರುವ ಕಾಕಾರ ಸ್ವಂತ ಶುಗರ್ ಮಾತ್ರ ಎರಡು ನೂರು ದಾಟಿರುತ್ತದೆ. ಕಪಾಟಿನಲ್ಲಿ ಹಳೆಯ ಪಾಸ್‌ಬುಕ್ಕುಗಳ ಹಿಂದೆ ಲೈನ್ ಬಜಾರಿನ ಪೇಡೆಯ ಪೊಟ್ಟಣ ಕುಳಿತಿರುತ್ತದೆ.

ಬೆಳಗಿನ ಕಾರ್ಯಕ್ರಮ ನೋಡುವಂಥದ್ದು. ಎದ್ದ ಕೂಡಲೇ ಪಂಜರದ ಬಟ್ಟಲು ಹೊರತೆಗೆದು, ಅಂಗಳಕ್ಕೆ ಒಯ್ದು, ಬಾಯಿ ಹತ್ತಿರ ಹಿಡಿದು ಮೆಲ್ಲಗೆ ಊದುತ್ತಾರೆ. ತುಂಬಿದಂತೆ ಕಾಣುವ ಬಟ್ಟಲಿನಿಂದ ಹೊಟ್ಟು ಹಾರಿ ಹೋಗಿ ತಳದಲ್ಲಿ ಹತ್ತು ಕಾಳು ಉಳಿಯುತ್ತವೆ. ಹಕ್ಕಿ ಕಾಳು ಸುಲಿದು ತಿರುಳು ತಿಂದು ಸಿಪ್ಪೆಯನ್ನು ಅಲ್ಲೇ ಬಿಡುತ್ತದೆ. ನೋಡಿದವರು ಬಟ್ಟಲು ತುಂಬಿದೆ ಎಂದುಕೊಳ್ಳುತ್ತಾರೆ, ಒಳಗಿನ ಹಕ್ಕಿ ಉಪವಾಸ ಬೀಳುತ್ತದೆ. ಹೀಗೆ ತುಂಬಿದ ಬಟ್ಟಲಿನ ಮುಂದೆ ಸತ್ತ ಹಕ್ಕಿಗಳೂ ಉಂಟು. ಊದಿದ ಹೊಟ್ಟು ಸೀದಾ ಕಾಕು ಆಗಷ್ಟೇ ಹಾಕಿದ ರಂಗೋಲಿಯ ಮೇಲೆ ಇಳಿಯುತ್ತದೆ. ಆ ಕುರಿತು ಪ್ರತಿದಿನ ನಡೆಯುವ ಸಂಭಾಷಣೆಯನ್ನು ಇಲ್ಲಿ ಬರೆಯುವಂತಿಲ್ಲ.

ಬರೀ ಕಾಳಿನಲ್ಲಿ ಎ ಜೀವಸತ್ವ ಇಲ್ಲ, ಸುಣ್ಣದ ಅಂಶವೂ ಕಡಿಮೆ ಎಂದು ತಿಳಿದ ದಿನದಿಂದ ಕಾಕಾ ಸಂತೆಗೆ ಹೊರಡುತ್ತಾರೆ. ಗಜ್ಜರಿ, ಢಬ್ಬು ಮೆಣಸಿನಕಾಯಿ, ಮೆಂತೆ ಪಲ್ಲೆ, ಕೊತ್ತಂಬರಿ, ನುಗ್ಗೆ ಸೊಪ್ಪು, ಸಿಕ್ಕರೆ ಒಂದು ಪೆಂಡಿ ಹಕ್ಕರಕಿ. ಪಾಲಕ ಮುಟ್ಟುವುದಿಲ್ಲ, ಅದರ ಆಮ್ಲ ಸುಣ್ಣವನ್ನು ಕಟ್ಟಿಹಾಕುತ್ತದಂತೆ. "ಇಷ್ಟೆಲ್ಲಾ ಯಾರಿಗ್ರಿ ಕಾಕಾ, ಬೀಗರು ಬಂದಾರೇನು?" ಎನ್ನುತ್ತಾಳೆ ಪಲ್ಲೆ ಮಾರುವಾಕೆ. "ಹಕ್ಕಿಗವಾ" ಎಂದರೆ, "ಹಕ್ಕಿಗೇನ್ರಿ! ಹಂಗಾದ್ರ ಈ ಬಾಡಿದ್ದು ಒಯ್ರಿ, ಅರ್ಧಾ ರೊಕ್ಕ ಕೊಡ್ರಿ" ಎಂದು ಕೆಳಗಿನ ಪೆಂಡಿ ಎಳೆಯುತ್ತಾಳೆ. ಕಾಕಾ ಕೆಂಡವಾಗುತ್ತಾರೆ. ಬಾಡಿದ್ದು ಮನೆಯ ಮಂದಿಗೆ ನಡೆಯುತ್ತದೆ, ಹಕ್ಕಿಗೆ ನಡೆಯುವುದಿಲ್ಲ.

ಕೃಷಿ ಮೇಳವನ್ನಂತೂ ಕಾಕಾ ತಪ್ಪಿಸುವುದಿಲ್ಲ. 1986ರಲ್ಲಿ ಆದ ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲೇ ಇದೆ, ಸಿರಿಧಾನ್ಯದ ತಜ್ಞರು ಅಲ್ಲೇ ಇದ್ದಾರೆ, ಕೇಳದೆ ಬಿಡುವುದುಂಟೆ? ನವಣೆಯ ತಳಿಗಳ ಮುಂದೆ ನಿಂತು ಯುವ ವಿಜ್ಞಾನಿಯನ್ನು ಅರ್ಧ ತಾಸು ವಿಚಾರಿಸುತ್ತಾರೆ. ತೆನೆ ಹಾಗೇ ಕೊಟ್ಟರೆ ಚಲೋನೋ, ಬಿಡಿಸಿ ಕೊಡಬೇಕೋ? ಔಷಧ ಹೊಡೆಯದ ಬೆಳೆ ಎಲ್ಲಿ ಸಿಗುತ್ತದೆ? ಪಾಪ, ಆ ಹುಡುಗ ನೋಟ್‌ಬುಕ್ಕು ತೆರೆದು, "ನಿಮ್ದು ಎಷ್ಟು ಎಕರೆ ಅದರಿ ಸರ್?" ಎನ್ನುತ್ತಾನೆ.

"ನಾಕು ಹಕ್ಕಿ" ಎನ್ನುತ್ತಾರೆ ಕಾಕಾ.

ಮೇಳದಿಂದ ಬಂದವರು ವಾರದ ಆಹಾರದ ತಖ್ತೆಯನ್ನು ಟೈಪ್ ಮಾಡಿಸಿ, ಸೋಮವಾರದಿಂದ ಭಾನುವಾರದವರೆಗೆ ಬಣ್ಣದ ಗೆರೆ ಎಳೆದು, ಪಂಜರದ ಸರಳಿಗೆ ಕಟ್ಟುತ್ತಾರೆ. ಮರುದಿನ ನೋಡಿದರೆ ಗುರುವಾರದ ತನಕ ತಖ್ತೆಯೇ ಇಲ್ಲ. ಹೆಣ್ಣು ಹಕ್ಕಿ ಅದನ್ನು ನೀಟಾಗಿ ಉದ್ದುದ್ದ ಪಟ್ಟಿ ಕತ್ತರಿಸಿ, ಬೆನ್ನ ಕೆಳಗಿನ ಗರಿಗಳಲ್ಲಿ ಸಿಕ್ಕಿಸಿಕೊಂಡು ಗೂಡಿನ ಕಡೆ ನಡೆದಿರುತ್ತದೆ. ಇದು ಆ ಜಾತಿಯ ಹುಟ್ಟುಗುಣ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ 1962ರಲ್ಲಿ ಈ ವಿಷಯವನ್ನೇ ಬರೆದಿದ್ದಾರೆ. ಫಿಷರ್ ಎಂಬ ಇನ್ನೊಂದು ಜಾತಿ ಪಟ್ಟಿಯನ್ನು ಕೊಕ್ಕಿನಲ್ಲಿ ಕಚ್ಚಿ ಒಯ್ಯುತ್ತದೆ; ಎರಡನ್ನೂ ಕೂಡಿಸಿ ಹುಟ್ಟಿದ ಮರಿಗಳು ಗರಿಯಲ್ಲಿ ಸಿಕ್ಕಿಸಲು ಹೋಗಿ, ಸಿಕ್ಕಿಸಲು ಬಾರದೆ, ವರ್ಷಗಟ್ಟಲೆ ಒದ್ದಾಡಿದವಂತೆ. ಕಾಕು ಅಷ್ಟೆಲ್ಲ ಓದಿದವರಲ್ಲ. ಹರಿದ ತಖ್ತೆ ನೋಡಿ, "ನಿಮ್ಮ ಆರ್ಡರ್ ಎಲ್ಲಿ ಇಟ್ಕೋಬೇಕೋ ಅಲ್ಲೇ ಇಟ್ಕೊಂಡಾವ ಬಿಡ್ರಿ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ.

ಹಕ್ಕಿ ಗೂಡು ಕಟ್ಟತೊಡಗಿತೆಂದರೆ ಮನೆಯಲ್ಲಿ ನಿಜವಾದ ಧರ್ಮಸಂಕಟ ಶುರು. ಮೊಟ್ಟೆ ಇಡುವ ಹಕ್ಕಿಗೆ ಸುಣ್ಣ ಸಾಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಜೀವಕ್ಕೇ ಬರುತ್ತದೆ. ಸಮುದ್ರ ನೊರೆಯ ತುಂಡನ್ನು ಕಾಕಾ ಆಗಲೇ ತಂದು ಕಟ್ಟಿರುತ್ತಾರೆ. ಅಷ್ಟಕ್ಕೇ ನಿಲ್ಲದೆ ದನದ ಡಾಕ್ಟರು, "ಕುದಿಸಿದ ತತ್ತಿ ಒಂದೀಟು ಕೊಡ್ರಿ, ಸಿಪ್ಪಿನೂ ಪುಡಿ ಮಾಡಿ ಹಾಕ್ರಿ" ಎಂದುಬಿಡುತ್ತಾರೆ. ಮೂರು ತಲೆಮಾರಿನಿಂದ ತತ್ತಿಯ ನೆರಳು ಬೀಳದ ಮನೆ.

"ನನ್ನ ಒಲಿ ಮ್ಯಾಲೆ ಅದು ಏರಂಗಿಲ್ಲ" ಎಂದರು ಕಾಕು.

"ಅದಕ್ಕ ಬ್ಯಾರೆ ಪಾತೇಲಿ..."

"ಪಾತೇಲಿ ಬ್ಯಾರೆ ಆದ್ರ ಒಲಿ ಬ್ಯಾರೆ ಆಗ್ತದೇನು?"

ಕಡೆಗೆ ಬಾಜೂ ಮನೆಯ ಬಜರಿಗಾರಿನವರೇ ಕೈಹಿಡಿಯುತ್ತಾರೆ. ಯಾರ ಹಕ್ಕಿ ಅಸಲಿಯಲ್ಲ ಎಂದು ಊರೆಲ್ಲ ಸಾರಿದ್ದರೋ ಅವರ ಬಾಗಿಲಿಗೇ ಕಾಕಾ ಸ್ಟೀಲ್ ಡಬ್ಬಿ ಹಿಡಿದು ಹೋಗುತ್ತಾರೆ, ಕುದಿಸಿದ ತತ್ತಿಯನ್ನು ಟವಲ್ಲಿನಲ್ಲಿ ಮುಚ್ಚಿಕೊಂಡು ತರುತ್ತಾರೆ. ಅಷ್ಟು ದಿನ ಪಂಜರದ ಮುಕ್ಕಾಮು ಗೇಟಿನ ಹತ್ತಿರ, ಪೇರಲ ಗಿಡದ ಕೆಳಗೆ.

ನಿಷೇಧಗಳ ಪಟ್ಟಿ ಬೇರೆ ಇದೆ. ಬೆಣ್ಣೆಹಣ್ಣು ಹಕ್ಕಿಗೆ ವಿಷ. ಚಾಕಲೇಟು, ಚಹಾ, ಕಾಫಿ, ಉಪ್ಪು, ಉಳ್ಳಾಗಡ್ಡಿ, ಸೇಬಿನ ಬೀಜ, ಒಂದೂ ಸಲ್ಲದು. ಗಿರ್ಮಿಟ್ ತಟ್ಟೆ ಹಿಡಿದ ಅತಿಥಿಯನ್ನು ಪಂಜರದಿಂದ ನಾಲ್ಕು ಮಾರು ದೂರ ಕೂರಿಸುತ್ತಾರೆ. ಮಗ ತಂದುಕೊಟ್ಟ ನಾನ್‌ಸ್ಟಿಕ್ ತವೆ ಬಹಳ ಕಾದರೆ ಅದರ ಹೊಗೆಗೆ ಹಕ್ಕಿ ಸಾಯುತ್ತದೆ. ಇದೂ ಖರೆಯೇ. ತವೆ ಅಟ್ಟಕ್ಕೇರಿತು. ಅಂದಿನಿಂದ ಆ ಮನೆಯಲ್ಲಿ ದೋಸೆ ಇಲ್ಲ. ಕಾಕುವಿನ ಪ್ರತಿಭಟನೆ ಮಾತಿನದಲ್ಲ.

ಇಷ್ಟೆಲ್ಲ ಆಗಿ ಹಕ್ಕಿಗಳು ಗಜ್ಜರಿ ತಿಂದವೇ? ಇಲ್ಲ. ಮೂಸಿಯೂ ನೋಡಲಿಲ್ಲ. ಹುಟ್ಟಿದಾಗಿನಿಂದ ಕಾಳು ಕಂಡ ಹಕ್ಕಿಗೆ ಕೆಂಪು ತುರಿ ತಿನ್ನುವ ಪದಾರ್ಥವೆಂದೇ ಗೊತ್ತಾಗುವುದಿಲ್ಲ. ಕಾಳು ಏಕಾಏಕಿ ನಿಲ್ಲಿಸಿದರೆ ಹಸಿದು ಸಾಯುತ್ತವೆಯೇ ಹೊರತು ಹೊಸದನ್ನು ಮುಟ್ಟುವುದಿಲ್ಲ. ಹೀಗಾಗಿ ಕಾಕಾ ದಿನಾ ಬೆಳಗ್ಗೆ ಒಂದೊಂದು ಹಕ್ಕಿಯನ್ನೂ ಡಬ್ಬಿಯಲ್ಲಿ ಕೂರಿಸಿ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಡೈರಿಯಲ್ಲಿ ಬರೆಯುತ್ತಾರೆ, ಒಂದು ಗ್ರಾಂ ಇಳಿದರೆ ಅವರಿಗೇ ಊಟ ಸೇರುವುದಿಲ್ಲ. ಉಳಿದ ಉಪಾಯ ಒಂದೇ. ಲವ್‌ಬರ್ಡ್ಸ್ ಹಿಂಡಿನ ಹಕ್ಕಿ. ತನ್ನವರು ತಿನ್ನುವುದನ್ನು ನೋಡಿ ತಾನೂ ತಿನ್ನುತ್ತದೆ. ಆ ಪಂಜರಕ್ಕೆ ತನ್ನವರೆಂದರೆ ಕಾಕಾ ಒಬ್ಬರೇ.

ಹೀಗೆ ಕಾಕಾ ಬೆಳಗ್ಗೆ ಎಂಟಕ್ಕೆ ಪಂಜರದ ಮುಂದೆ ಕುರ್ಚಿ ಹಾಕಿ, ಹಸಿ ಗಜ್ಜರಿ ಕಚ್ಚಿ, ಹಕ್ಕರಕಿ ಜಗಿದು, "ಆಹಾ! ಏನ್ ರುಚಿ, ಏನ್ ರುಚಿ!" ಎಂದು ನಾಟಕ ಶುರು ಮಾಡಿದರು. ಹಕ್ಕಿಗಳು ತಲೆ ಓರೆ ಮಾಡಿ ನೋಡಿದವು. ಹದಿನೈದು ವರ್ಷ ಕಾಕು ಬೇಡಿಕೊಂಡರೂ ಹಸಿ ಪಲ್ಲೆ ಮುಟ್ಟದ ಮನುಷ್ಯ ಒಂದು ತಿಂಗಳು ದಿನಾ ಒಂದು ತಾಟು ತಿಂದರು. ಆ ತಿಂಗಳ ರಿಪೋರ್ಟಿನಲ್ಲಿ ಶುಗರ್ ನೂರಾ ನಲವತ್ತಕ್ಕೆ ಇಳಿದಿತ್ತು. ಹಕ್ಕಿಗಳೂ ಈಗೀಗ ಗಜ್ಜರಿ ಕುಟುಕುತ್ತವೆ, ಕಾಕಾ ಎದುರಿಗೆ ಕೂತು ತಿಂದರೆ ಮಾತ್ರ. ಕಾಕು ಈಗ ಹಕ್ಕಿಯ ವಿರುದ್ಧ ಒಂದು ಮಾತೂ ಆಡುವುದಿಲ್ಲ. ಮೊನ್ನೆ ಹಕ್ಕರಕಿ ಅವರೇ ತರಿಸಿದ್ದರಂತೆ.

ಆದ್ದರಿಂದ ನಿಮ್ಮ ಓಣಿಯ ಕಾಕಾರ ಮನೆಗೆ ಹೋಗುವುದಿದ್ದರೆ ಹೊತ್ತು ನೋಡಿಕೊಂಡು ಹೋಗಿ. ಎಂಟಕ್ಕೆ ಹೋದರೆ ಪಂಜರದ ಮುಂದೆ ಇನ್ನೊಂದು ಕುರ್ಚಿ ಹಾಕಿ ನಿಮ್ಮ ಕೈಗೂ ಒಂದು ಗಜ್ಜರಿ ಕೊಡುತ್ತಾರೆ, "ಆಹಾ" ಅನ್ನದೆ ಬಿಡುವುದಿಲ್ಲ. ಚಹಾ ಬೇಕಿದ್ದರೆ ಹನ್ನೊಂದರ ಮೇಲೆ ಹೋಗಿ. ಪೇಡೆ ಬೇಕಿದ್ದರೆ ಕಾಕುವನ್ನು ಕೇಳಿ. ಪಾಸ್‌ಬುಕ್ಕಿನ ಹಿಂದಿನದು ಅವರಿಗೆ ಮೊದಲಿನಿಂದಲೂ ಗೊತ್ತು.