ರಿಕ್ಟರ್ ಮಾಪಕ ಮಹಾಶಯರಿಗೊಂದು ಬಹಿರಂಗ ಪತ್ರ

ಮಾನ್ಯ ರಿಕ್ಟರ್ ಮಾಪಕ ಮಹಾಶಯರೇ,

ನಿವೃತ್ತರಾದವರು ಹೆಚ್ಚೆಂದರೆ ಒಂದೆರಡು ವರ್ಷ ಹಳೆಯ ಕಚೇರಿಯ ಕಡೆ ಸುಳಿದು, ಚಹಾ ಕುಡಿದು ಬರುತ್ತಾರೆ. ದೊಡ್ಡ ಭೂಕಂಪಗಳ ಚಾರ್ಜನ್ನು ತಾವು ಬೇರೆಯವರಿಗೆ ಒಪ್ಪಿಸಿ ದಶಕಗಳೇ ಕಳೆದಿವೆ. ಆದರೂ ನೆಲ ಎಲ್ಲೇ ನಡುಗಲಿ, ಟೀವಿಯ ಕೆಂಪು ಪಟ್ಟಿಯಲ್ಲಿ ತಮ್ಮದೇ ಹೆಸರು: ‘ರಿಕ್ಟರ್ ಮಾಪಕದಲ್ಲಿ 7.1ರಷ್ಟು ತೀವ್ರತೆ.’ ಅಳೆದದ್ದು ತಾವಲ್ಲ, ಅಳೆದದ್ದು ತೀವ್ರತೆಯೂ ಅಲ್ಲ. ಇಷ್ಟು ದೀರ್ಘ ಎಕ್ಸ್‌ಟೆನ್ಷನ್ ಯಾವ ಮಂತ್ರಿಯ ಶಿಫಾರಸಿಗೂ ಸಿಗುವಂಥದ್ದಲ್ಲ. ಅಭಿನಂದನೆಗಳು.

ಅನೇಕರು ತಮ್ಮನ್ನು ಭೂಕಂಪಕ್ಕೆ ಹತ್ತಕ್ಕಿಷ್ಟು ಎಂದು ಅಂಕ ಕೊಡುವ ಮೇಷ್ಟ್ರು ಎಂದೇ ತಿಳಿದಿದ್ದಾರೆ. ತಾವು ಯಂತ್ರವೂ ಅಲ್ಲ, ಬರೀ ಲೆಕ್ಕ. 1935ರಲ್ಲಿ ಚಾರ್ಲ್ಸ್ ರಿಕ್ಟರ್ ಅವರು ದಕ್ಷಿಣ ಕ್ಯಾಲಿಫೋರ್ನಿಯಾದ ಕಂಪನಗಳನ್ನು ಹೋಲಿಸಿ ನೋಡಲು ಹಾಕಿಕೊಂಡ ಲೆಕ್ಕ. (ಜೊತೆಗೆ ದುಡಿದ ಬೆನೊ ಗುಟೆನ್‌ಬರ್ಗ್ ಅವರ ಹೆಸರು ಕೆಂಪು ಪಟ್ಟಿಗೆ ಹಿಡಿಸಲಿಲ್ಲವೇನೋ.) ಅಳೆಯುತ್ತಿದ್ದ ಯಂತ್ರ ವುಡ್–ಆಂಡರ್ಸನ್ ಅವರದು. ಬಿಗಿದ ಟಂಗ್‌ಸ್ಟನ್ ಎಳೆಗೆ ಒಂದು ಗ್ರಾಂ ಕೂಡ ತೂಗದ ತಾಮ್ರದ ತುಂಡು, ಅದಕ್ಕೊಂದು ಪುಟಾಣಿ ಕನ್ನಡಿ. ನೆಲ ಅಲುಗಿದರೆ ತುಂಡು ತಿರುಗುತ್ತದೆ, ಕನ್ನಡಿಗೆ ಬಡಿದ ಬೆಳಕು ಫೋಟೊ ಕಾಗದದ ಮೇಲೆ ಗೆರೆ ಎಳೆಯುತ್ತದೆ. ನೂರು ಕಿಲೋಮೀಟರ್ ದೂರದ ಕಂಪನ ಒಂದು ಮಿಲಿಮೀಟರ್ ಗೆರೆ ಎಳೆದರೆ ಪರಿಮಾಣ 3. ಹತ್ತು ಮಿಲಿಮೀಟರಾದರೆ 4. ಒಂದೊಂದು ಮೆಟ್ಟಿಲಿಗೆ ಅಲುಗಾಟ ಹತ್ತು ಪಟ್ಟು, ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. ಹಾಗಾಗಿ 8 ಎಂದರೆ 4ರ ದುಪ್ಪಟ್ಟು ಎಂದುಕೊಂಡವರು ಲೆಕ್ಕದಲ್ಲಿ ಸ್ವಲ್ಪವೇ ಎಡವಿದ್ದಾರೆ: ಶಕ್ತಿಯಲ್ಲಿ ಅದು ಹತ್ತು ಲಕ್ಷ ಪಟ್ಟು.

ತಮ್ಮ ದೌರ್ಬಲ್ಯದ ಮಾತು ಎತ್ತುವುದು ಸೌಜನ್ಯವಲ್ಲ, ಕ್ಷಮಿಸಿ. 7ರ ಹತ್ತಿರ ಬರುವಾಗಲೇ ತಮಗೆ ಏದುಸಿರು. ಮಹಾಕಂಪನದಲ್ಲಿ ಸ್ತರಭಂಗವು (ನೆಲದಾಳದ ಬಂಡೆಯ ಬಿರುಕು) ನೂರಾರು ಕಿಲೋಮೀಟರ್ ಉದ್ದಕ್ಕೆ ನಿಮಿಷಗಟ್ಟಲೆ ಸೀಳುತ್ತ ಹೋಗುತ್ತದೆ. ತಾವು ನೋಡುವ ಚುರುಕು ಅಲೆಗಳು ಮಾತ್ರ ಆ ಪ್ರಮಾಣದಲ್ಲಿ ಎತ್ತರಿಸುವುದಿಲ್ಲ. ಜಪಾನಿನಲ್ಲಿ ತಮ್ಮ ದಾಯಾದಿಯೊಬ್ಬರಿದ್ದಾರೆ, ಅಲ್ಲಿನ ಹವಾಮಾನ ಸಂಸ್ಥೆಯ ಸ್ವಂತ ಮಾಪಕ. 2011ರ ಮಾರ್ಚ್ 11ರ ಭೂಕಂಪಕ್ಕೆ ಅವರು ಮೂರೇ ನಿಮಿಷದಲ್ಲಿ 7.9 ಎಂದರು. ಅದನ್ನು ನಂಬಿ ಮಿಯಾಗಿಗೆ ಆರು ಮೀಟರ್, ಇವಾತೆ ಮತ್ತು ಫುಕುಶಿಮಾಗಳಿಗೆ ಮೂರು ಮೀಟರ್ ಸುನಾಮಿ ಎಂದು ಎಚ್ಚರಿಕೆ ಹೋಯಿತು. ನಿಜವಾಗಿ ನಡೆದದ್ದು 9.0, ಶಕ್ತಿಯಲ್ಲಿ ಸುಮಾರು 45 ಪಟ್ಟು ದೊಡ್ಡದು. ಎಚ್ಚರಿಕೆಯನ್ನು ಆಮೇಲೆ ಏರಿಸಿದರೂ, ಕರೆಂಟು ಹೋದ ಎಷ್ಟೋ ಊರುಗಳಿಗೆ ಮುಟ್ಟಿದ್ದು ಮೊದಲ ಸುದ್ದಿ ಮಾತ್ರ. ಮೂರು ಮೀಟರಿಗಾದರೆ ನಮ್ಮ ತಡೆಗೋಡೆ ಇದೆಯಲ್ಲ ಎಂದು ನಿಂತವರೂ ಇದ್ದರು.

ಈ ಬಗೆಯ ಏದುಸಿರಿಗೆ ಮದ್ದಾಗಿ 1979ರಲ್ಲೇ ಹ್ಯಾಂಕ್ಸ್ ಮತ್ತು ಕನಮೋರಿ ‘ಮೊಮೆಂಟ್ ಪರಿಮಾಣ’ ತಂದರು. ಸೀಳಿದ ಸ್ತರಭಂಗದ ವಿಸ್ತೀರ್ಣ, ಅದು ಜಾರಿದ ದೂರ, ಬಂಡೆಯ ಗಡಸುತನ, ಈ ಮೂರನ್ನೂ ಗುಣಿಸಿ ಹಾಕುವ ಲೆಕ್ಕವದು. 1960ರ ಚಿಲಿ ಭೂಕಂಪಕ್ಕೆ 9.5 ಸಿಕ್ಕಿದ್ದು ಹಾಗೆ. ಈಗ ದೊಡ್ಡ ಕಂಪನಗಳ ಕೆಲಸ ಮಾಡುವವರು ಈ ಮೊಮೆಂಟ್ ಮಹಾಶಯರು, ಹೆಸರು ತಮಗೆ.

ಇನ್ನು ‘ತೀವ್ರತೆ’. ಕಂಪನ ನಮ್ಮೂರನ್ನು ಎಷ್ಟು ಅಲುಗಾಡಿಸಿತು, ಏನೇನು ಬೀಳಿಸಿತು ಎಂಬುದರ ಲೆಕ್ಕ ಮರ್ಕಲಿ ಮಾಪಕ ಮಹಾಶಯರ ಇಲಾಖೆ, ರೋಮನ್ ಅಂಕಿಗಳಲ್ಲಿ ಒಂದರಿಂದ ಹನ್ನೆರಡು. ಪರಿಮಾಣ ಒಂದೇ, ತೀವ್ರತೆ ಊರೂರಿಗೆ ಬೇರೆ. 1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಮಹಾರಾಷ್ಟ್ರದ ಕಿಲಾರಿಯಲ್ಲಿ ನಡೆದದ್ದು 6.2. ಜಪಾನಿನಲ್ಲಿ ಅದೇ 6.2 ಎಷ್ಟೋ ಸಲ ಒಂದು ಸಾವೂ ಇಲ್ಲದೆ ಮುಗಿಯುತ್ತದೆ. ಕಿಲಾರಿ ಸುತ್ತಮುತ್ತ ಸತ್ತವರು ಸುಮಾರು ಹತ್ತು ಸಾವಿರ. ಅಲ್ಲಿನ ಮನೆಗಳ ಗೋಡೆ ಮೊಳಕ್ಕೂ ಮೀರಿದ ದಪ್ಪ: ಒಳಗೊಂದು ಸಾಲು, ಹೊರಗೊಂದು ಸಾಲು ಕಲ್ಲು, ನಡುವೆ ಮಣ್ಣು, ಜಲ್ಲಿ. ಎರಡೂ ಸಾಲನ್ನು ಹಿಡಿದಿಡುವ ಅಡ್ಡಗಲ್ಲು ಇರಲಿಲ್ಲ. ಮಾಳಿಗೆಯ ಮೇಲೆ, ಬಿಸಿಲಿಗೆ ತಂಪೆಂದು, ವರ್ಷ ವರ್ಷ ಪೇರಿಸಿದ ಮಣ್ಣು. ಆ ಮಣ್ಣಿನ ಭಾರ ತಮ್ಮ ಯಾವ ದಶಾಂಶದಲ್ಲೂ ಕಾಣುವುದಿಲ್ಲ.

ನಮ್ಮ ಕರ್ನಾಟಕದಲ್ಲೂ, 2021ರ ಅಕ್ಟೋಬರಿನಲ್ಲಿ, ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಸದ್ದೆದ್ದು ಜನ ಮನೆ ಬಿಟ್ಟು ಹೊರಗೆ ಮಲಗಿದರು. ದಾಖಲಾದ ಕಂಪನಗಳು ಹೆಚ್ಚೆಂದರೆ 4ರ ಆಸುಪಾಸು. ‘ಸಣ್ಣದು, ಭಯ ಬೇಡ’ ಎಂಬ ಅಭಯ ಸಿಕ್ಕಿತು. ಮನೆಯ ಗೋಡೆ ಹೇಗಿದೆ ಎಂದು ಗೊತ್ತಿದ್ದವರಿಗೆ ಅಂಕಿಯಿಂದ ನಿದ್ದೆ ಬರುವುದು ಕಷ್ಟ.

ಆದ್ದರಿಂದ ಮಹಾಶಯರೇ, ಪತ್ರಿಕೆ, ಟೀವಿ ಕಚೇರಿಗಳಿಗೆಲ್ಲ ಒಂದೊಂದು ರಾಜೀನಾಮೆ ಪತ್ರ ಕಳಿಸಿಬಿಡಿ. ಹತ್ತಿರದ ಸಣ್ಣಪುಟ್ಟ ಕಂಪನಗಳಿಗೆ ತಮ್ಮ ಬಗೆಯ ಲೆಕ್ಕ ಇಂದಿಗೂ ಬೇಕು, ಆ ಕೆಲಸದಲ್ಲಿ ಸುಖವಾಗಿರಿ. ಸುದ್ದಿಯವರು ‘ಪರಿಮಾಣ 6.2’ ಎಂದಷ್ಟೇ ಹೇಳಿ, ತಮ್ಮ ಹೆಸರಿನಿಂದ ತೆರವಾದ ಜಾಗದಲ್ಲಿ ಕಂಪನ ಎಷ್ಟು ಆಳದಲ್ಲಿ ಹುಟ್ಟಿತು, ಬಿದ್ದ ಗೋಡೆಗಳನ್ನು ಏತರಿಂದ ಕಟ್ಟಿದ್ದರು ಎಂದು ಬರೆಯಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ