ನಿಮ್ಮ ಬೆರಳು ಚಾಡಿ ಹೇಳುತ್ತೆ

ಮದುವೆ ಮನೆಗೆ ಹೋದಾಗ ನೀವು ಮೊದಲು ನೋಡೋದು ಏನನ್ನ? ಗಂಡು-ಹೆಣ್ಣಿನ ಮುಖಾನಾ? ಸುಮ್ನಿರಿ, ನಮಗೆ ಗೊತ್ತಿಲ್ವಾ. ಪಂಕ್ತೀಲಿ ಎದುರು ಕೂತವರ ಬೆರಳನ್ನ! ಪಾಯಸ ಬರೋ ಹೊತ್ತಿಗೆ ಅವರ ಉಂಗುರ ಎಷ್ಟು ಗ್ರಾಮು, ಕಲ್ಲು ಅಸಲೋ ಅಮೆರಿಕನ್ ಡೈಮಂಡೋ, ಎಲ್ಲಾ ಮನಸ್ಸಲ್ಲೇ ತೂಗಿ ಮುಗಿಸಿರ್ತೀರಿ. (ಅವರೂ ನಿಮ್ಮದನ್ನ ತೂಗಿರ್ತಾರೆ. ಅದಕ್ಕೇ ತಾನೆ, ಸಾಂಬಾರು ಬೇಡ ಅನ್ನೋಕೆ ಬಾಯಿದ್ರೂ ನೀವು ಐದೂ ಬೆರಳು ಅಗಲಿಸಿ ಎಲೆ ಮೇಲೆ ಅಡ್ಡ ಹಿಡಿದಿದ್ದು?)

ಇದು ನಮ್ಮೂರಿನ ಚಟ ಮಾತ್ರ ಅಂತ ನಾಚ್ಕೋಬೇಡಿ. ಚೀನಾದವರು, ಜಪಾನಿನವರು ಉಂಗುರ ನೋಡೋದರಲ್ಲಿ ನಮ್ಮಪ್ಪನಂಥವರು. ನಾವು ತೂಕ ನೋಡಿ ಬಿಡ್ತೀವಿ, ಅವರು ಯಾವ ಬೆರಳು ಅಂತ ನೋಡಿ ಇಡೀ ಜಾತಕ ಬರೀತಾರೆ. ನಂಬಿಕೆ ಬರಲಿಲ್ವಾ? ಕೈ ಒಂಚೂರು ಮುಂದೆ ಮಾಡಿ.

ಆಹಾ! ತೋರುಬೆರಳಲ್ಲಿ ಗುರುಬಲಕ್ಕೆ ಪುಷ್ಯರಾಗ. ನಡುಬೆರಳಲ್ಲಿ ಶನಿಗೆ ನೀಲ. ಉಂಗುರ ಬೆರಳಲ್ಲಿ ಸೂರ್ಯನಿಗೆ ಮಾಣಿಕ್ಯ. ಕಿರುಬೆರಳಲ್ಲಿ ಬುಧನಿಗೆ ಪಚ್ಚೆ. ಜೋಯಿಸರು ನಿಮ್ಮನ್ನ ಚೆನ್ನಾಗೇ ನೋಡ್ಕೊಂಡಿದಾರೆ ಬಿಡಿ. ಈಗ ಇದೇ ಕೈ ಹಿಡ್ಕೊಂಡು ಶಾಂಘೈಗೆ ಹೋಗಿ, ಆಫೀಸ್ ಕೆಲಸ ಅಂತಾನೇ ಇಟ್ಕೊಳ್ಳಿ.

ಅಲ್ಲಿ ಬಾಯಿಂದ ಬಾಯಿಗೆ ಓಡಾಡೋ ಒಂದು ಸೂತ್ರ ಇದೆ: ಚಿಂಗ್, ರೆ, ಜಿಯೆ, ದು. ಇದು ಅಸಲಿಗೆ ಚೀನೀ ಔಷಧಿ ಡಬ್ಬದ ಮೇಲಿರೋ ಮಾತು. ಮೈ ಉಷ್ಣ ಇಳಿಸಿ ನಂಜು ತೆಗೆಯುತ್ತೆ ಅಂತ ಅರ್ಥ. (ಕಷಾಯಕ್ಕೂ ಉಂಗುರಕ್ಕೂ ಏನು ಸಂಬಂಧ ಅಂತೀರಾ? ತಡೀರಿ.) ಉಚ್ಚಾರ ಒಂದೇ ಥರ ಇರೋ ಬೇರೆ ಪದಗಳನ್ನ ಅದರೊಳಗೆ ತುರುಕಿ, ತೋರುಬೆರಳಿಂದ ಕಿರುಬೆರಳಿನವರೆಗೆ ಎಣಿಸ್ತಾರೆ. ತೋರುಬೆರಳಲ್ಲಿದ್ರೆ ಇನ್ನೂ ಮದುವೆ ಆಗಿಲ್ಲ. ನಡುಬೆರಳಲ್ಲಿದ್ರೆ ಪ್ರೇಮಜ್ವರ ಜೋರಾಗಿದೆ. ಉಂಗುರ ಬೆರಳಲ್ಲಿದ್ರೆ ಮದುವೆ ಆಗೋಯ್ತು. ಕಿರುಬೆರಳಲ್ಲಿದ್ರೆ ನಾನು ಒಂಟಿ, ಹಾಗೇ ಇರ್ತೀನಿ, ದಯವಿಟ್ಟು ಬಿಟ್ಬಿಡಿ!

ಅಂದ್ರೆ ಸ್ವಾಮಿ, ನಿಮ್ಮ ಒಂದೇ ಕೈ ಏನು ಹೇಳ್ತಿದೆ ನೋಡಿ. ನೀವು ಬ್ರಹ್ಮಚಾರಿ, ಪ್ರೇಮಿ, ಸಂಸಾರಸ್ಥ, ಸನ್ಯಾಸಿ. ನಾಲ್ಕೂ ಆಶ್ರಮ ಅಕ್ಕಪಕ್ಕ! ಹೋಟೆಲ್ ರಿಸೆಪ್ಷನ್ನಲ್ಲಿ ಕೂತ ಹುಡುಗಿ ನಿಮ್ಮ ಪಾಸ್‌ಪೋರ್ಟ್ ಬಿಟ್ಟು ನಿಮ್ಮ ಕೈಯನ್ನೇ ನೋಡ್ತಿದ್ರೆ, ಅದು ನಿಮ್ಮ ಪರ್ಸನಾಲಿಟಿಗೆ ಸಿಕ್ಕ ಮರ್ಯಾದೆ ಅಂದ್ಕೊಂಡು ಬೀಗಬೇಡಿ.

ಚೀನೀಯರು ಉಂಗುರಕ್ಕೆ ಇಟ್ಟ ಹೆಸರೇ ಗುಮಾನಿ ಬರಿಸೋ ಹಾಗಿದೆ. ಜಿಯೆಝಿ. ಝಿ ಅಂದ್ರೆ ಬೆರಳು, ಸರಿ. ಜಿಯೆ ಅಂದ್ರೆ? ವ್ರತ, ನಿಗ್ರಹ, ಬಿಟ್ಬಿಡೋದು! ಸಿಗರೇಟು ಬಿಡೋಕೂ ಇದೇ ಜಿಯೆ, ಕುಡಿತ ಬಿಡೋಕೂ ಇದೇ ಜಿಯೆ. (ಜನವರಿ ಒಂದನೇ ತಾರೀಖು ನೀವು ಮಾಡಿದ್ದೂ ಇದೇ. ಸಂಕ್ರಾಂತಿವರೆಗೆ ಬಂತಾ?) ಚೀನಾದ ಹಳೇ ಕಾದಂಬರಿ ‘ಪಶ್ಚಿಮಕ್ಕೆ ಪಯಣ’ದಲ್ಲಿ ಒಬ್ಬ ಹಂದಿಮುಖದ ತಿಂಡಿಪೋತ ಬರ್ತಾನೆ. ಬೌದ್ಧ ಗ್ರಂಥ ತರೋಕೆ ನಮ್ಮ ಭಾರತಕ್ಕೇ ಹೊರಟ ದಂಡಿನವನು. ಅವನ ಹೆಸರು ಬಾಜಿಯೆ, ಅಂದ್ರೆ ಎಂಟು ವ್ರತದವನು. ಊಟ ಕಂಡರೂ ಹೆಂಗಸರನ್ನ ಕಂಡರೂ ಬಾಯಿ ಬಿಡೋ ಆಸಾಮಿಗೆ ಎಂಟೆಂಟು ವ್ರತ. ನಗಬೇಡಿ, ನಿಮ್ಮ ಏಕಾದಶಿ ಫಲಾಹಾರದ ತಟ್ಟೆ ನಾವೂ ನೋಡಿದೀವಿ.

ಉಂಗುರಕ್ಕೆ ಈ ‘ಬೇಡ’ ಅನ್ನೋ ಹೆಸರು ಯಾಕೆ ಬಂತು ಅನ್ನೋದಕ್ಕೆ ಜನ ಒಂದು ಅಂತಃಪುರದ ಕಥೆ ಗಂಟು ಹಾಕ್ತಾರೆ. ಶಿಜಿಂಗ್ ಅಂತ ಬಹಳ ಹಳೇ ಹಾಡಿನ ಸಂಕಲನ ಇದೆ, ಅದರ ಪುರಾತನ ಟೀಕೆಯಲ್ಲಿ ಬರುತ್ತೆ. ರಾಜನ ಹತ್ರ ಇವತ್ತು ಯಾರ ಸರದಿ ಅಂತ ಲೆಕ್ಕ ಇಡೋಕೆ ಒಬ್ಬಳು ಅಧಿಕಾರಿಣಿ. ಸರದಿ ಬಂದವಳ ಎಡಗೈಗೆ ಬೆಳ್ಳಿ ಉಂಗುರ. ಹೋಗಿ ಬಂದ ಮೇಲೆ ಅದೇ ಉಂಗುರ ಬಲಗೈಗೆ. ಹೆರಿಗೆ ತಿಂಗಳು ಹತ್ರ ಬಂದವಳಿಗೆ ಚಿನ್ನದ ಉಂಗುರ, ಅಂದ್ರೆ ಇವಳನ್ನ ಕರೀಬೇಡಿ. ಹಾಜರಿ ಪುಸ್ತಕ ಪೂರ್ತಿ ಬೆರಳ ಮೇಲೇ! (ಈ ಸಲ ಆನಿವರ್ಸರಿಗೆ ಚಿನ್ನದ ಉಂಗುರ ಕೊಡಿಸಿ ‘ರೊಮ್ಯಾಂಟಿಕ್’ ಅಂತ ಸ್ಟೇಟಸ್ ಹಾಕೋವಾಗ ಇದನ್ನ ಒಂಚೂರು ನೆನಪಿಟ್ಕೊಳ್ಳಿ.)

ಆಮೇಲೆ ಆ ಬೆರಳು. ಉಂಗುರ ಬೆರಳಿಗೆ ಸಂಸ್ಕೃತದಲ್ಲಿ ಅನಾಮಿಕಾ ಅಂತೀವಲ್ಲ, ಹೆಸರಿಲ್ಲದ್ದು? ಕವಿಗಳನ್ನ ಎಣಿಸುವಾಗ ಕಿರುಬೆರಳಿಗೆ ಕಾಳಿದಾಸ, ಪಕ್ಕದ ಬೆರಳಿಗೆ ಅವನ ಸಮಾನ ಯಾರೂ ಸಿಗಲಿಲ್ಲ ಅಂತ ಮೇಷ್ಟ್ರು ಹೇಳಿದ ಕಥೆ ನಿಮಗೂ ಗೊತ್ತು. ಚೀನೀಯರೂ ಅದನ್ನ ಕರೆಯೋದು ವೂಮಿಂಗ್‌ಝಿ ಅಂತಲೇ. ಅದೂ ಹೆಸರಿಲ್ಲದ ಬೆರಳೇ! ಜಪಾನಿನವರಿಗೆ ಮಾತ್ರ ಈ ಬೇಜವಾಬ್ದಾರಿ ಸರಿ ಕಾಣಲಿಲ್ಲ. ಕುಸುರಿಯುಬಿ, ಔಷಧಿ ಬೆರಳು, ಅಂತ ಕರೆದ್ರು. ಔಷಧಿ ಕಲಸೋ ಬೆರಳಂತೆ. ತುಟಿಗೆ ಬಣ್ಣ ಹಚ್ಚೋ ಬೆರಳು ಅಂತ ಇನ್ನೊಂದು ಹೆಸರೂ ಇದೆ. ಹಳೇ ಕಾಲದ ಮನೇಲಿ ಜೇನುತುಪ್ಪದಲ್ಲಿ ಮಾತ್ರೆ ತೇದು ನೆಕ್ಕಿಸಿದ ಅಜ್ಜಿಯ ಬೆರಳು ಯಾವುದಿತ್ತು, ಜ್ಞಾಪಿಸ್ಕೊಳ್ಳಿ ನೋಡೋಣ.

ಈ ಹೆಸರಿಲ್ಲದ ಬೆರಳಿನ ಬಗ್ಗೆ ಮೆನ್ಸಿಯಸ್ ಅನ್ನೋ ಚೀನೀ ಪಂಡಿತ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ನಿಮ್ಮ ಕಾಲೆಳೆದಿದಾನೆ. ಒಬ್ಬನಿಗೆ ಆ ಬೆರಳು ಸೊಟ್ಟ, ನೆಟ್ಟಗಾಗಲ್ಲ. ನೋವಿಲ್ಲ, ಕೆಲಸಕ್ಕೆ ಅಡ್ಡೀನೂ ಇಲ್ಲ. ಆದರೂ ಯಾರೋ ಸರಿ ಮಾಡ್ತಾರೆ ಅಂದ್ರೆ ಸಾಕು, ಚಿನ್ ರಾಜ್ಯವೋ ಚೂ ರಾಜ್ಯವೋ ಅಷ್ಟು ದೂರ ಹೊರಟೇಬಿಡ್ತಾನೆ, ಯಾಕಂದ್ರೆ ಬೇರೆಯವರ ಬೆರಳಿನ ಹಾಗೆ ಇಲ್ವಲ್ಲ! ಮನಸ್ಸು ಸೊಟ್ಟಗಿದ್ರೆ ಮಾತ್ರ ಅವನಿಗೆ ಚಿಂತೆ ಇಲ್ಲ. (ಕೂದಲು ನಾಟಿ ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟ್ ಎಷ್ಟು ಗಂಟೆಗೆ ಅಂದ್ರಿ?)

ಬರೀ ಬೆರಳಲ್ಲ, ಸೊಂಟಕ್ಕೆ ಕಟ್ಕೊಳ್ಳೋ ಜೇಡ್ ಕಲ್ಲಿನ ಬಳೆಗಳೂ ಚೀನಾದಲ್ಲಿ ಚಾಡಿ ಹೇಳ್ತಿದ್ವು. ಪೂರ್ತಿ ದುಂಡಗಿದ್ರೆ ಅದು ಹುವಾನ್. ‘ವಾಪಸ್ ಬಾ’ ಅನ್ನೋ ಪದಕ್ಕೂ ಅದೇ ಉಚ್ಚಾರ. ಒಂದು ಕಡೆ ಸೀಳು ಬಿಟ್ಟಿದ್ರೆ ಜ್ಯುಯೆ. ‘ತೀರ್ಮಾನ ಮಾಡು’ ಅನ್ನೋದಕ್ಕೂ ಅದೇ. ಹೊರಗೆ ಹಾಕಿದವನನ್ನ ಮತ್ತೆ ಕರೆಸಬೇಕಾ, ಹುವಾನ್ ಕಳಿಸು. ಸಂಬಂಧ ಕಡೀಬೇಕಾ, ಜ್ಯುಯೆ ಕಳಿಸು. ವಾಟ್ಸ್ಯಾಪಲ್ಲಿ ಬ್ಲಾಕು-ಅನ್‌ಬ್ಲಾಕು ಇಲ್ಲದ ಕಾಲ ನೋಡಿ, ಕಲ್ಲು ಕೊರೆಯಬೇಕಿತ್ತು.

ಕ್ರಿಸ್ತಪೂರ್ವ 206ರಲ್ಲಿ ಹೊಂಗ್‌ಮೆನ್ ಅನ್ನೋ ಜಾಗದಲ್ಲಿ ಒಂದು ಔತಣ. ಆತಿಥೇಯ ಶಿಯಾಂಗ್ ಯೂ, ಆ ಕಾಲದ ಪೈಲ್ವಾನ್ ಸೇನಾಪತಿ. ಅತಿಥಿ ಲಿಯೂ ಬಾಂಗ್, ಅವನ ಪ್ರತಿಸ್ಪರ್ಧಿ. ಪಕ್ಕದಲ್ಲಿ ಶಿಯಾಂಗ್ ಯೂನ ಮುದಿ ಸಲಹೆಗಾರ ಫಾನ್ ಝೆಂಗ್. ಅತಿಥಿಯನ್ನ ಇವತ್ತೇ ಮುಗಿಸಿಬಿಡು ಅನ್ನೋದು ಮುದುಕನ ಮಾತು. ಎಲ್ಲರೆದುರು ಬಾಯಿ ಬಿಡೋ ಹಾಗಿಲ್ಲ. ಕಣ್ಣು ಮಿಟುಕಿಸಿದ. ಸೊಂಟದ ಜ್ಯುಯೆ ಎತ್ತಿ ತೋರಿಸಿದ. ಮತ್ತೆ ತೋರಿಸಿದ. ಮೂರನೇ ಸಲಾನೂ ತೋರಿಸಿದ. ತೀರ್ಮಾನ ಮಾಡಪ್ಪಾ, ತೀರ್ಮಾನ! ಶಿಯಾಂಗ್ ಯೂ ಉಸಿರೆತ್ತಲಿಲ್ಲ, ಸುಮ್ನೆ ಕೂತಿದ್ದ.

ನಿಮ್ಮ ಮನೆಯವರು ಇದನ್ನ ಓದಿದ್ರೆ ‘ಇವರೇ, ಥೇಟ್ ಇವರೇ’ ಅಂತಾರೆ. ಹೋದ ವಾರ ಗೃಹಪ್ರವೇಶದ ಮನೇಲಿ ಅವರು ವಾಚು ತೋರಿಸಿದ್ರು, ಬಳೆ ಸದ್ದು ಮಾಡಿದ್ರು, ಕೊನೆಗೆ ಸೆರಗು ಸರಿ ಮಾಡ್ಕೊಂಡು ಎದ್ದೇ ನಿಂತ್ರು. ನೀವು? ‘ಯಾಕೆ, ತಲೆನೋವಾ?’ ಅಂತ ಗಟ್ಟಿಯಾಗಿ ಕೇಳಿ, ಸೈಟಿನ ರೇಟು ಮಾತಾಡ್ತಾ ಇನ್ನೊಂದು ಕಾಫಿ ಕುಡಿದ್ರಿ.

ಲಿಯೂ ಬಾಂಗ್ ನಿಮಗಿಂತ ಚುರುಕು. ಪಾಯಿಖಾನೆಗೆ ಹೋಗಿ ಬರ್ತೀನಿ ಅಂತ ಎದ್ದವನು ಹಾಗೇ ಪರಾರಿ. ಕ್ಷಮೆಗೆ ಅಂತ ಬಿಟ್ಟು ಹೋದ ಜೇಡ್ ಪಾತ್ರೆ ಜೋಡೀನ ಮುದುಕ ಸಿಟ್ಟಲ್ಲಿ ಕತ್ತೀಲಿ ಪುಡಿ ಮಾಡಿದ. ನಾಲ್ಕೇ ವರ್ಷ, ಕ್ರಿಸ್ತಪೂರ್ವ 202ಕ್ಕೆ ಶಿಯಾಂಗ್ ಯೂ ಸತ್ತಿದ್ದ, ಲಿಯೂ ಬಾಂಗ್ ಹಾನ್ ವಂಶದ ಚಕ್ರವರ್ತಿಯಾಗಿದ್ದ. ಸಿಮಾ ಚಿಯಾನ್ ಬರೆದ ಇತಿಹಾಸದಲ್ಲಿ ಇದೆಲ್ಲ ಇದೆ. ಅದಕ್ಕೇ ಹೇಳೋದು, ಮನೆಯವರು ಬಳೆ ಸದ್ದು ಮಾಡಿದ ತಕ್ಷಣ ಎದ್ದುಬಿಡಿ.

(ಹುವಾನ್ ಅಂದ ಮಾತ್ರಕ್ಕೆ ಎಲ್ಲರೂ ವಾಪಸ್ ಬರೋದೂ ಇಲ್ಲ ಬಿಡಿ. ಚೀನಾದ ಚೆಲುವೆಯರಲ್ಲಿ ಚೆಲುವೆ ಯಾಂಗ್ ಗುಯಿಫೇಯ ಹುಟ್ಟುಹೆಸರು ಯೂಹುವಾನ್, ಜೇಡ್ ಬಳೆ. 756ರಲ್ಲಿ ದಂಗೆಯಾಗಿ ಚಕ್ರವರ್ತಿ ಜೊತೆ ರಾಜಧಾನಿಯಿಂದ ಓಡಿ ಹೋದಾಗ ದಾರೀಲೇ ಪ್ರಾಣ ಹೋಯ್ತು. ವಾಪಸ್ ಬಂದವನು ಚಕ್ರವರ್ತಿ ಒಬ್ಬನೇ.)

ಹೆಬ್ಬೆರಳನ್ನ ಮರೆತ್ರೆ ಬೇಜಾರು ಮಾಡ್ಕೊಳ್ಳುತ್ತೆ. ಬಿಲ್ಲಿನ ಹೆದೆ ಎಳೆಯುವಾಗ ಚರ್ಮ ಕಿತ್ತು ಬರದೇ ಇರಲಿ ಅಂತ ಹೆಬ್ಬೆರಳಿಗೆ ಒಂದು ದಪ್ಪ ಉಂಗುರ. 1976ರಲ್ಲಿ ಅನ್ಯಾಂಗ್‌ನಲ್ಲಿ ಅಗೆದು ತೆಗೆದ ಫೂ ಹಾವ್ ಅನ್ನೋ ರಾಣಿಯ ಗೋರಿಯಲ್ಲಿ ಇಂಥದೊಂದು ಜೇಡ್ ಉಂಗುರ ಸಿಕ್ತು. ಸುಮಾರು 3,200 ವರ್ಷ ಹಳೇದು. ಆಕೆ ಸೈನ್ಯ ನಡೆಸಿದವಳು, ಹಾಕ್ಕೊಂಡ್ರೆ ಒಪ್ಪುತ್ತೆ. ಮಂಚೂ ದೊರೆಗಳ ಕಾಲಕ್ಕೆ ಅದೇ ಉಂಗುರ, ಬಾನ್‌ಝಿ ಅಂತ, ಬಿಲ್ಲೇ ಮುಟ್ಟದ ಶ್ರೀಮಂತರ ಹೆಬ್ಬೆರಳು ಸೇರ್ತು. ಜೇಡ್, ದಂತ, ಹವಳ, ಒಂದಕ್ಕಿಂತ ಒಂದು ಜೋರು. ಚಿಯಾನ್‌ಲೊಂಗ್ ಚಕ್ರವರ್ತಿ ಅದರ ಮೇಲೆ ತನ್ನ ಪದ್ಯ ಬೇರೆ ಕೆತ್ತಿಸ್ತಿದ್ದ. 200 ಮೀಟರ್ ಆಳದ ನೀರಲ್ಲೂ ಕೆಡಲ್ಲ ಅನ್ನೋ ವಾಚು ಕಟ್ಕೊಂಡು, ಮಳೆ ಹನಿ ಬಿದ್ರೆ ಜೇಬಿಗೆ ಹಾಕ್ಕೊಳ್ಳೋ ಪುಣ್ಯಾತ್ಮರು ಯಾರೂಂತ ನಾವು ಹೇಳಲ್ಲ.

ಈಗ ಜಪಾನಿಗೆ ಬನ್ನಿ. ಉಂಗುರಕ್ಕೆ ಅಲ್ಲಿ ಯುಬಿವಾ, ಬೆರಳಿನ ಬಳೆ. ಹೆಸರಲ್ಲಿ ತಕರಾರಿಲ್ಲ. ಆದರೆ ನೂರಾರು ವರ್ಷ ಅವರು ಉಂಗುರದ ಗೊಡವೆಗೇ ಹೋಗಲಿಲ್ಲ. ಹೆಂಗಸರ ಶೋಕಿಯೆಲ್ಲ ತಲೇಲಿ, ಕಾನ್‌ಝಾಶಿ ಅನ್ನೋ ಜಡೆಪಿನ್ನು, ಬಾಚಣಿಗೆ. ಗಂಡಸರದ್ದು ಸೊಂಟದಲ್ಲಿ ನೇತಾಡೋ ಕೆತ್ತನೆ ಗುಂಡಿ. ಬೆರಳು ಬೋಳು!

ಆಮೇಲೆ ಬಂತು ಡಿ ಬಿಯರ್ಸ್ ವಜ್ರದ ಕಂಪನಿ. 1967ರಲ್ಲಿ ಪ್ರಚಾರ ಶುರು ಮಾಡಿದಾಗ ನಿಶ್ಚಿತಾರ್ಥಕ್ಕೆ ವಜ್ರದುಂಗುರ ತೊಟ್ಟ ಜಪಾನಿ ಹುಡುಗೀರು ನೂರಕ್ಕೆ 5 ಜನಾನೂ ಇರಲಿಲ್ಲ. ಜಾಹೀರಾತಲ್ಲಿ ಯುರೋಪಿನ ಬಟ್ಟೆ, ಸೈಕಲ್ ಸವಾರಿ, ದೋಣಿ ವಿಹಾರ, ಬೆಟ್ಟ ಹತ್ತೋದು, ಜೊತೆಗೊಂದು ವಜ್ರ. 1981ಕ್ಕೆ ನೂರಕ್ಕೆ 60! ಗಂಡಿಗೆ ಲೆಕ್ಕಾನೂ ಅವರೇ ಹಾಕಿಕೊಟ್ರು: ಉಂಗುರದ ಬೆಲೆ ಮೂರು ತಿಂಗಳ ಸಂಬಳ. ಅಮೆರಿಕದವರಿಗೆ ಎರಡೇ ತಿಂಗಳು ಅಂದಿದ್ರು. ಜಪಾನಿ ಗಂಡು ಜಾಸ್ತಿ ದುಡೀತಾನೆ, ಮಾತು ಕಮ್ಮಿ ಆಡ್ತಾನೆ, ಇನ್ನೊಂದು ತಿಂಗಳು ಸೇರಿಸಿ ಅಂತ ಅಂದ್ಕೊಂಡ್ರೋ ಏನೋ.

ಇದನ್ನ ಓದಿ ನೀವು ‘ಪಾಪ, ಬಕರಾ ಆದ್ರು’ ಅಂತ ನಕ್ಕಿರಲ್ಲ? ನಿಮ್ಮ ಕೈಲಿರೋ ಉಂಗುರ ಯಾರ ದುಡ್ಡಿಂದು ಸ್ವಾಮಿ? ಮಾವನ ದುಡ್ಡಿಂದು ತಾನೆ? ವರಪೂಜೇಲಿ ‘ಏನೂ ಬೇಡ ನಮಗೆ’ ಅಂತ ನಿಮ್ಮಪ್ಪ ಅಂದಾಗ ನೀವು ನೆಲ ನೋಡ್ತಾ ಬೆರಳು ಮಾತ್ರ ಸ್ವಲ್ಪ ನೆಟ್ಟಗೆ ಮಾಡಿದ್ರಲ್ಲ. ಜಪಾನಿನವನ ಮೂರು ತಿಂಗಳು ಹೋಯ್ತು, ನಿಮ್ಮ ಮಾವಂದು ಮೂರು ವರ್ಷ.

ಗಂಟು ಬಿಡಿಸೋ ಉಂಗುರಗಳೂ ಇವೆ. ಚೀನಾದ ಜಿಯೂಲಿಯಾನ್‌ಹುವಾನ್, ಅಂದ್ರೆ ಒಂದಕ್ಕೊಂದು ಸಿಕ್ಕಿಸಿದ ಒಂಬತ್ತು ಬಳೆ. ಕಮ್ಮಿ ಅಂದ್ರೂ 341 ಹೆಜ್ಜೆ ಬೇಕು ಬಿಡಿಸೋಕೆ. ಜಪಾನಿನವರು ಇಂಥ ಆಟಕ್ಕೆ ಚಿಯೆ ನೋ ವಾ, ಜಾಣತನದ ಬಳೆ, ಅಂತ ಹೆಸರಿಟ್ಟಿದಾರೆ. ನಿಮಗೆ ತಾಳ್ಮೆ ಇಲ್ಲ, ಗೊತ್ತು. (ಇಯರ್‌ಫೋನ್ ವೈರು ಕಗ್ಗಂಟಾದಾಗ ಹಲ್ಲು ಹಾಕಿದವರು ನೀವು.) ಹಾಗಾದ್ರೆ ಹಳೇ ಚೀನಾದ ಚೀ ರಾಜ್ಯದ ರಾಣಿ ನಿಮಗೆ ಸರಿ. ಚಿನ್ ರಾಜ ಕೊಂಡಿ ಸೇರಿಸಿದ ಜೇಡ್ ಬಳೆ ಕಳಿಸಿ, ನಿಮ್ಮಲ್ಲಿ ಜಾಣರು ಬಹಳ ಇದಾರಂತಲ್ಲ, ಬಿಡಿಸಿ ನೋಡೋಣ ಅಂದ. ಮಂತ್ರಿಗಳೆಲ್ಲ ತಲೆ ಕೆರ್ಕೊಂಡ್ರು. ರಾಣಿ ಸುತ್ತಿಗೆ ತಗೊಂಡು ಒಂದೇ ಏಟು. ಆಮೇಲೆ ದೂತನಿಗೆ ಬಲು ವಿನಯದಿಂದ, ‘ಬಿಡಿಸಿದೀವಿ ಅಂತ ತಿಳಿಸಿ’ ಅಂದಳಂತೆ.

ಪಾಪ-ಗೀಪ ಏನಾದ್ರೂ ಬಾಕಿ ಇದ್ರೆ ಅದಕ್ಕೂ ಜಪಾನಲ್ಲಿ ಒಂದು ಬಳೆ ಇದೆ, ಚಿನೊವಾ. ಜೂನ್ 30ಕ್ಕೆ ಶಿಂಟೊ ದೇವಸ್ಥಾನಗಳ ಮುಂದೆ ಆಳೆತ್ತರದ ಹುಲ್ಲಿನ ಬಳೆ ಕಟ್ಟಿರ್ತಾರೆ. ಅದರೊಳಗೆ ತೂರಿ ಎಡಕ್ಕೆ ಒಂದು ಸುತ್ತು, ಬಲಕ್ಕೆ ಒಂದು, ಮತ್ತೆ ಎಡಕ್ಕೆ. ಆರು ತಿಂಗಳ ಕೊಳೆ ತೊಳೆದು ಹೋಯ್ತು! ವರ್ಷ ಪೂರ್ತಿ ಕಾಯಬೇಕಿಲ್ಲ, ಅರ್ಧವಾರ್ಷಿಕ ಲೆಕ್ಕ. ನಿಮ್ಮ ಕಣ್ಣು ಅರಳಿದ್ದು ಕಾಣಿಸ್ತು.

ಖರ್ಚಿನ ಯೋಚನೆ ಇದ್ರೆ ಅಲ್ಲೇ ಕಾಣಿಕೆ ಡಬ್ಬಕ್ಕೆ ಐದು ಯೆನ್ ನಾಣ್ಯ ಹಾಕಿ ಸಾಕು. ಹಿತ್ತಾಳೆ ಬಣ್ಣದ್ದು, ಒಂದು ಕಡೆ ಭತ್ತದ ತೆನೆ, ನಡುವೆ ತೂತು, ತೂತಿನ ಸುತ್ತ ಗಿಯರ್ ಹಲ್ಲು. ಐದು ಯೆನ್‌ಗೆ ಅವರ ಬಾಯಲ್ಲಿ ಗೋ-ಎನ್. ಋಣಾನುಬಂಧಕ್ಕೂ ಅದೇ ಉಚ್ಚಾರ. ಧಾರಾಳಿ ಅನ್ನಿಸ್ಕೊಳ್ಳೋಕೆ ಹೋಗಿ ಹತ್ತು ಯೆನ್ ಹಾಕ್ಬೇಡಿ, ಅದು ತೋ-ಎನ್, ಸಂಬಂಧ ದೂರ ಆಗುತ್ತೆ ಅಂತ ಅಲ್ಲಿನವರೇ ಹಾಕಲ್ಲ. (ಕಮ್ಮಿ ಹಾಕಿದ್ರೇ ಪುಣ್ಯ ಜಾಸ್ತಿ ಅನ್ನೋ ದೇವರು ಇಷ್ಟು ದಿನ ನಿಮಗೆ ಸಿಕ್ಕಿರಲಿಲ್ಲ, ಅಲ್ವಾ?) ಟೋಕಿಯೋಗೆ ಹೋಗಿರೋ ಭಾವಮೈದ ಬರುವಾಗ ಒಂದು ನಾಣ್ಯ ತರೋಕೆ ಹೇಳಿ, ಆಯ್ತು. ಆದರೆ ಮುಂದಿನ ಮದುವೆಗೆ ಅದನ್ನೇ ಉಂಗುರ ಮಾಡ್ಕೊಂಡು ಹೋಗೋ ಪ್ಲಾನು ಬೇಡ. ತೂತು 5 ಮಿಲಿಮೀಟರ್ ಮಾತ್ರ, ನಿಮ್ಮ ಕಿರುಬೆರಳಿಗೂ ಹಿಡಿಯಲ್ಲ.